ಅವರು ತುಂಬಿಸಿದ ಪೆಟ್ರೋಲು

ಶ್ರೀನಿವಾಸಪುರ
24 ಆಗಸ್ಟ್ 2025, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಗಂಗಾಲಕ್ಷ್ಮಿಗೆ,

ಮಾವಿನ ಮಂಡಿ ಗಂಗುಲಪ್ಪನವರ ಹೆಂಡತಿ, ನಿನ್ನ ತಾಯಿ ಮುನಿಗಂಗಮ್ಮ ಬರೆಯುವುದು. ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮೇಷ್ಟ್ರು ಪತ್ರದ ಮೊದಲಲ್ಲಿ ಬರೆಯುವವರು ಯಾರೆಂದು ಸ್ಪಷ್ಟವಾಗಿರಬೇಕು ಅನ್ನುತ್ತಿದ್ದರು. ನಾನು ಬಂದು ಕೂತ ಮೇಲೆಯೇ ಇವತ್ತಿಗೂ ಮಂಡಿಯಲ್ಲಿ ಹರಾಜು ಕೂಗುವುದು. ನಾನು ಒಮ್ಮೆ ಆಡಿದ ಮಾತನ್ನು ಈ ಊರಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಈ ಕಾಗದ ಅಂಥ ಒಂದು ಮಾತಿನ ವಿಚಾರವೇ.

ಬರೆಯಲು ತಡವಾಯಿತು. ಸುಗ್ಗಿ ಇತ್ತು ಎಂದು ನೆಪ ಹೇಳಬಹುದಿತ್ತು, ಆದರೆ ನೀಲಂ ಹಣ್ಣೂ ಮುಗಿದು ಎಷ್ಟೋ ದಿನವಾಯಿತು. ಫೋನಿನಲ್ಲಿ ನೀನು "ಹೂಂ" ಅನ್ನುತ್ತೀಯ, ನಾನು "ಸರಿ" ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಕಾಗದವಾದರೆ ನೀನು ಫೋನಿನ ಹಾಗೆ ಮಧ್ಯದಲ್ಲಿ ಇಟ್ಟುಬಿಡಲಾರೆ.

ಅಳಿಯಂದಿರು ಚೆನ್ನಾಗಿದ್ದಾರೆಯೆ? ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆ ಅನಿತಳಿಗೆ ಮಂಡಿ ನೊಣದಿಂದ ಕಣ್ಣು ಬಂದಿತ್ತು, ವಾಸಿಯಾಗಿದೆ. ನಿನ್ನ ಅಣ್ಣ ಕಾಂತರಾಜ್ ಅಪ್ಪನ ಹಾಗೆಯೇ ದಪ್ಪಗಾಗುತ್ತಿದ್ದಾನೆ, ಅಪ್ಪನ ಹಾಗೆ ನಗುವುದು ಮಾತ್ರ ಇನ್ನೂ ಬಂದಿಲ್ಲ. ಹೊಸ ಸಸಿಗಳು ಹಿಡಿದಿವೆ.

ಇನ್ನು ನಿನ್ನ ಅಪ್ಪನ ಕೆಂಪು ಕಾರಿನ ವಿಷಯ.

ಅವರ ವರ್ಷದ ತಿಥಿಯ ದಿನ ಊಟವಾದ ಮೇಲೆ ನಂಗಲಿಯ ನಿನ್ನ ಸೋದರತ್ತೆಯನ್ನು ಬಿಟ್ಟುಬರಲು ನೀನೇ ಗಾಡಿ ತೆಗೆದೆ. ಅವರು ಹೋದಾಗಿನಿಂದ ನಾನು ಅದನ್ನು ಮಾವಿನ ಶೆಡ್ಡಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಕೋಲಾರದ ಮಣ್ಣಿನ ಟ್ರ್ಯಾಕಿನಲ್ಲಿ ಎಷ್ಟು ಸಲ ಗೆದ್ದ ಗಾಡಿ! ಮುಳಬಾಗಿಲು ರಸ್ತೆಯ ಏರಿನಲ್ಲಿ ಮುಗ್ಗರಿಸಿ ಮುಗ್ಗರಿಸಿ ನಿಂತುಬಿಟ್ಟಿತು. ಮಾವಿನಕಾಯಿ ಹೇರುವ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುತಂದರು. ಅಂಗಳದಲ್ಲಿ ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಿನ್ನ ಚಿಕ್ಕಪ್ಪ ಶ್ರೀರಾಮಪ್ಪ, "ಏನ್ಲಾ ಕಾಂತ, ರೇಸ್ ಗಾಡಿ ಟ್ರ್ಯಾಕ್ಟರ್ ಹಿಂದೆ ಬರ್ತೈತೆ!" ಎಂದು ನಕ್ಕ. ಎಲ್ಲರೂ ನಕ್ಕರು. ಆಗ ನಾನು ಅಂದ ಮಾತು ನಿನಗೆ ನೆನಪಿದೆ. ನನಗೂ ಇದೆ. "ಇಪ್ಪತ್ತು ವರ್ಷ ಅವರು ಕೂಸಿನ ಥರ ಸಾಕಿದ್ದನ್ನ ಒಂದು ಗಳಿಗೇಲಿ ಕೊಂದುಬಂದ್ಯಲ್ಲೇ. ಅಪ್ಪ ಕಲಿಸಿದ್ದು ಇದೇನಾ?"

ನೀನು ಮೆಲ್ಲಗೆ, "ಅಮ್ಮಾ, ಪೆಟ್ರೋಲ್ ಪ್ರೆಶರ್ ಬರ್ತಾ ಇಲ್ಲ. ಗೇಜ್ ಹಾಕ್ಸಿ ನೋಡಿ. ನಿಂತಾಗ ಅಲ್ಲ, ಏರಿನಲ್ಲಿ ಓಡಿಸಿ ನೋಡಿ" ಎಂದೆ. ಆಮೇಲೆ ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೋದೆ. ನಾನು ಕೂಗಿ ಕರೆಯಲಿಲ್ಲ.

ಗಾಡಿಯನ್ನು ಕೋಲಾರದ ಉಮಾಶಂಕರನ ಗ್ಯಾರೇಜಿಗೆ ಕಳಿಸಿದೆ. ಅಪ್ಪನ ಜೊತೆ ಟ್ರ್ಯಾಕಿಗೆ ಬರುತ್ತಿದ್ದವನು, ಅರ್ಧ ಕನ್ನಡ ಅರ್ಧ ತೆಲುಗು, ಬಾಯಿಗೆ ಬೀಗವಿಲ್ಲ. ಮೊದಲು ಪ್ಲಗ್ಗು ಬದಲಾಯಿಸಿದ. ಆಮೇಲೆ ಕಾಯಿಲ್ಲು ಅಂದ. ಆಮೇಲೆ ಯಾವುದೋ ಸೆನ್ಸರು. ಪ್ರತಿ ಸಲವೂ "ಅಯಿಪೋಯಿಂದಿ ಅಮ್ಮಾ, ಆಗೋಯ್ತು, ಈಗ ಕುದುರೆ!" ಎಂದು ಫೋನ್ ಮಾಡುವುದು, ಕಾಂತರಾಜ್ ಹೋಗಿ ತರುವುದು, ಕುದುರೆ ಅದೇ ಏರಿನಲ್ಲಿ ಕತ್ತೆಯಾಗುವುದು. ಕಾಂತರಾಜ್ ಕೊನೆಗೆ, "ಮಾರಿಬಿಡೋಣಮ್ಮ. ಪಾರ್ಟ್ಸ್‌ಗೆ ತಗೊಳ್ಳೋರು ಇದ್ದಾರೆ" ಎಂದ. ನಿನ್ನ ಅಪ್ಪನ ಗಾಡಿಯನ್ನು ಕೋಳಿ ಕೊಯ್ದ ಹಾಗೆ ತುಂಡು ಮಾಡಿ ಮಾರುವುದೆ!

ಮರುದಿನ ಕಾಂತರಾಜನ ಜೊತೆ ನಾನೇ ಹೋಗಿ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. "ನನ್ನ ಮಗಳು ಗೇಜ್ ಹಾಕು ಅಂದಳು. ಹಾಕು" ಎಂದೆ.

ಎಂಜಿನ್ನಿಗೆ ಪೆಟ್ರೋಲು ಹೋಗುವ ಕೊಳವೆಗೆ ಗೇಜು ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. "ಚೂಡಂಡಿ ಅಮ್ಮಾ, ಫಸ್ಟ್ ಕ್ಲಾಸಾಗೈತೆ. ಪಾಪ ತಪ್ಪು ಹೇಳವ್ಳೆ" ಎಂದ. ಈ ಕಡೆಯವರಿಗೆ ನೀನು ಇನ್ನೂ ಪುಟ್ಟ ಪಾಪವೇ.

"ನಿಂತಾಗ ಅಲ್ಲ, ಏರಿನಲ್ಲಿ ಅಂದಿದ್ಲು."

"ಏರಿನಾಗೆ ಬಾನೆಟ್ ತೆಗೆದು ಯಾರಮ್ಮಾ ನೋಡ್ತಾರೆ? ನಾನೇನ್ ಎಂಜಿನ್ ಮೇಲೆ ಕೂತ್ಕೊಳ್ಳಾ?"

"ಕೂತ್ಕೋ. ನಂಗೇನು."

ಹಾಗೆ ಅಂದ ಮೇಲೆ ಅವನಿಗೂ ಹಟ ಬಂತು. ಉದ್ದದ ಕೊಳವೆ ಹುಡುಕಿ, ಗೇಜನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಮುಂದಿನ ಗಾಜಿನ ಹೊರಗಡೆ ಟೇಪಿನಿಂದ ಅಂಟಿಸಿದ. ಕಾಂತರಾಜ್ ಓಡಿಸಿದ, ನಾನು ಹಿಂದೆ ಕೂತು ಅವರಿಬ್ಬರ ಹೆಗಲ ನಡುವಿನಿಂದ ನೋಡಿದೆ. ಸಮ ರಸ್ತೆಯಲ್ಲಿ ಮುಳ್ಳು ಅಲುಗಲಿಲ್ಲ. ಏರು ಶುರುವಾಗಿ ಕಾಂತರಾಜ್ ಪೂರ್ತಿ ಕಾಲು ಒತ್ತಿದ. ಮುಳ್ಳು ಇಳಿಯಿತು, ಇನ್ನೂ ಇಳಿಯಿತು, ಗಾಡಿ ಮುಗ್ಗರಿಸಿತು. ನನಗೆ ಸಂತೋಷವಾಗಬೇಕಿತ್ತು, ನನ್ನ ಮಗಳು ಹೇಳಿದ್ದು ನಿಜವಾಯಿತೆಂದು. ಆಗಲಿಲ್ಲ. ನಿನ್ನನ್ನು ಬಸ್ ಹತ್ತಿಸಿದ ಮಾತು ಸುಳ್ಳು ಎಂದು ಆ ಮುಳ್ಳು ನನ್ನ ಕಣ್ಣೆದುರಿಗೇ ತೋರಿಸುತ್ತಿತ್ತು.

ಪ್ರೆಶರ್ ಕಡಿಮೆ ಎಂದು ಗೊತ್ತಾಯಿತು, ಯಾಕೆ ಕಡಿಮೆ ಎಂದು ಗೊತ್ತಾಗಬೇಕಲ್ಲ. ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ವಾಪಸು ಹೋಗುವ ಕೊಳವೆಯನ್ನು ಗಳಿಗೆ ಹೊತ್ತು ಹಿಸುಕಿ ನೋಡಿದ. ಮುಳ್ಳು ಜಿಗಿಯಬೇಕಿತ್ತಂತೆ, ಸುಮ್ಮನೆ ತೆವಳಿತು. ಹಾಗಾದರೆ ತಪ್ಪು ವಾಪಸಿನ ಕಡೆ ಇಲ್ಲ, ಬರುವ ಕಡೆಯೇ ಇದೆ ಎಂದ. ಪಂಪಿಗೆ ಕರೆಂಟು ಸರಿಯಾಗಿ ಬರುತ್ತಿದೆಯೆ ಎಂದು ಮೀಟರ್ ಇಟ್ಟು ನೋಡಿದ, ಬರುತ್ತಿತ್ತು. ಫಿಲ್ಟರು ಬದಲಾಯಿಸಿದ, ಕೊಂಚ ಮೇಲು, ಅಷ್ಟೆ. ಕೊನೆಗೆ ಹಿಂದಿನ ಸೀಟು ಕಿತ್ತು, ಅದರ ಕೆಳಗಿನ ಮುಚ್ಚಳ ಬಿಚ್ಚಿ, ಟ್ಯಾಂಕಿನೊಳಗಿಂದ ಪಂಪು ಎತ್ತಿದ.

ವಾಸನೆ ಪೆಟ್ರೋಲಿನದಾಗಿರಲಿಲ್ಲ, ಬಾಗಿಲಿಗೆ ಹಚ್ಚುವ ಹಳೇ ವಾರ್ನಿಷ್ ಹಾಗಿತ್ತು. ಪಂಪಿನ ಬಾಯಿಗೆ ಒಂದು ಪುಟ್ಟ ಜರಡಿ ಇರುತ್ತದಲ್ಲ, ಅದು ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿದ ಹಾಗೆ ಕಂದಾಗಿ ಬಿಗಿದುಕೊಂಡಿತ್ತು. ನಿಧಾನವಾಗಿ ಹೋದರೆ ಎಂಜಿನ್ನಿಗೆ ಬೇಕಾದಷ್ಟು ಒಸರುತ್ತದೆ, ಜೋರಾಗಿ ಕೇಳಿದರೆ ಕೊಡಲಾರದು.

"ಯಾವ ಕಾಲದ ಪೆಟ್ರೋಲಮ್ಮಾ ಇದು? ಈಗಿನ ಪೆಟ್ರೋಲ್ ವರ್ಷಗಟ್ಟಲೆ ಇಟ್ರೆ ನೀರು ಕುಡಿದು ಗೋಂದಾಗ್ತದೆ. ಇಂಥ ಗಾಡೀಲಿ ಯಾರಾನಾ ಇಟ್ಟಾರಾ?" ಎಂದು ಉಮಾಶಂಕರ ಬೈದ.

ಕಾಂತರಾಜ್ ನನ್ನ ಮುಖ ನೋಡಿ ನೆಲ ನೋಡಿದ. ಅವನಿಗೆ ಗೊತ್ತಿತ್ತು. ಹಿಂದೆಯೇ ಒಂದು ಸಲ, "ಟ್ಯಾಂಕ್ ಖಾಲಿ ಮಾಡಿಸ್ತೀನಮ್ಮ, ನಿಂತ ಪೆಟ್ರೋಲ್ ಒಳ್ಳೇದಲ್ಲ" ಎಂದಿದ್ದ. ನಾನು, "ಅದು ನಿಮ್ಮಪ್ಪ ಹೋದ ದಿನ ಬೆಳಿಗ್ಗೆ ಕೈಯಾರೆ ತುಂಬಿಸಿದ್ದು. ಒಂದು ಹನಿ ಚೆಲ್ಲಿದ್ರೆ ನನ್ನ ಆಣೆ" ಎಂದಿದ್ದೆ. ಅವನು ಆಣೆಗೆ ಕಟ್ಟುಬಿದ್ದು ಸುಮ್ಮನಿದ್ದ. ನಿನಗೆ ಯಾರೂ ಹೇಳಲಿಲ್ಲ. ಗಾಡಿಯಲ್ಲಿ ಪೆಟ್ರೋಲು ಎಷ್ಟಿದೆ ಎಂದು ತೋರಿಸುವ ಮುಳ್ಳು ತುಂಬಿದ ಕಡೆಯೇ ಇತ್ತು, ಹೊಸದಾಗಿ ತುಂಬಿಸಿದ್ದಾರೆಂದು ನೀನು ನಂಬಿ ಹೊರಟೆ.

ಗಾಡಿಯನ್ನು ಕೆಡಿಸಿದ್ದು ನಿನ್ನ ಕಾಲಲ್ಲ, ನನ್ನ ಆಣೆ.

ಆ ಪೆಟ್ರೋಲನ್ನೆಲ್ಲ ಕ್ಯಾನುಗಳಿಗೆ ಇಳಿಸಿದರು. ಒಂದು ಸೀಸೆಯಷ್ಟು ಇಟ್ಟುಕೊಳ್ಳಲೆ ಎಂದು ಮನಸ್ಸು ಕೇಳಿತು. ಬೇಡವೆಂದೆ. ಉಮಾಶಂಕರ ಅದರಲ್ಲಿ ನಟ್ಟು ಬೋಲ್ಟು ತೊಳೆಯುತ್ತಾನಂತೆ, ತೊಳೆಯಲಿ. ಟ್ಯಾಂಕು ತೊಳೆಸಿ, ಹೊಸ ಪಂಪು, ಹೊಸ ಜರಡಿ ಹಾಕಿಸಿದೆ. ಅದೇ ಗೇಜು ಅಂಟಿಸಿಕೊಂಡು ಅದೇ ಏರು ಹತ್ತಿದೆವು. ಮುಳ್ಳು ಕದಲಲಿಲ್ಲ. ಗಾಡಿ ಕೂಗಿದ್ದು ಕೇಳಿ ಹೊಲದಲ್ಲಿ ರಾಗಿ ಪೈರಿನ ಕಳೆ ತೆಗೆಯುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು.

ಮಾತು ಬಿದ್ದ ಜಾಗದಲ್ಲೇ ಅದನ್ನು ಎತ್ತಬೇಕು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಆ ದಿನ ಅಂಗಳದಲ್ಲಿ ಕೂತಿದ್ದವರನ್ನೆಲ್ಲ ಮೊನ್ನೆ ಊಟಕ್ಕೆ ಕರೆದೆ. ಯಾವ ಹಬ್ಬ ಎಂದು ಎಲ್ಲರಿಗೂ ಅನುಮಾನ. ಎಲೆ ಹಾಕುವ ಮುಂಚೆ ನಿಂತು ಹೇಳಿದೆ: ಗಂಗಾ ಹೇಳಿದ್ದು ಸರಿ, ನಾನು ಆಡಿದ್ದು ತಪ್ಪು, ಗಾಡಿ ಕೆಟ್ಟದ್ದು ನಾನು ಇಟ್ಟ ಪೆಟ್ರೋಲಿನಿಂದ.

ಶ್ರೀರಾಮಪ್ಪ ಸಂಕೋಚಪಟ್ಟು, "ಹೋಗ್ಲಿ ಬಿಡಿ ಅತ್ತಿಗೆ, ಗಾಡಿ ಅಂದ್ಮೇಲೆ ಕೆಡ್ತದೆ" ಎಂದ.

"ಗಾಡಿ ವಿಷ್ಯ ಅಲ್ಲ ಶ್ರೀರಾಮಪ್ಪ, ನನ್ನ ಬಾಯಿ ವಿಷ್ಯ. ಆವತ್ತು ನಕ್ಕೋರೆಲ್ಲ ಇವತ್ತೂ ನಕ್ಕುಬಿಡಿ, ಆಮೇಲೆ ಊಟ."

ಯಾರೂ ನಗಲಿಲ್ಲ. ನಿನ್ನ ಸೋದರತ್ತೆ ಮಾತ್ರ, "ಈಯಮ್ಮ ಕ್ಷಮೆ ಕೇಳೋದೂ ಹರಾಜು ಕೂಗ್ದಂಗೇ" ಎಂದಳು. ಆಗ ನಕ್ಕರು. ನಾನೂ ನಕ್ಕೆ ಎಂದು ಅನಿತ ಹೇಳುತ್ತಾಳೆ, ನನಗೆ ಗೊತ್ತಿಲ್ಲ.

ನೀನು ಅಲ್ಲಿ ಇರಬೇಕಿತ್ತು. ಆದರೆ ಕರೆದರೆ ನೀನು ಬರುತ್ತಿದ್ದೆಯೋ ಇಲ್ಲವೋ. ಬರದಿದ್ದರೆ ತಡೆದುಕೊಳ್ಳುವಷ್ಟು ಗಟ್ಟಿ ನಾನಲ್ಲ, ಹೊರಗೆ ಹಾಗೆ ಕಾಣುತ್ತೇನೆ ಅಷ್ಟೆ.

ವೇಳೆಗೆ ಸರಿಯಾಗಿ ಊಟ ಮಾಡು. ರಾತ್ರಿ ಪಾಳಿ ಇದ್ದರೆ ಹಗಲು ನಿದ್ದೆ ಬಿಡಬೇಡ. ನಿನ್ನ ಮನೆ ತುಂಬಿರಲಿ, ಕೈ ಹಿಡಿದ ಕೆಲಸ ಕೈಬಿಡದಿರಲಿ, ನಿನ್ನ ಅಪ್ಪನ ನಗು ನಿನ್ನ ಮುಖದಲ್ಲಿ ಉಳಿದಿರಲಿ.

ನಿನ್ನ ತಾಯಿ,
ಮುನಿಗಂಗಮ್ಮ

ಮರೆತದ್ದು: ಮೇಲಿನದನ್ನು ಬರೆದಾಗ ಒಂದು ಮಾತು ಬಿಟ್ಟಿದ್ದೆ, ಮರೆತು ಅಲ್ಲ. ಇದನ್ನು ಸೋಮವಾರ ನಿಮ್ಮ ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ತೊಡೆಯ ಮೇಲೆ ಇಟ್ಟುಕೊಂಡದ್ದರಿಂದ.

ಹೋದ ದಿನ ಬೆಳಿಗ್ಗೆ ನಿನ್ನ ಅಪ್ಪ ಟ್ಯಾಂಕು ತುಂಬಿಸಿದ್ದು ನಿನ್ನ ಮನೆಗೆ ಬರುವುದಕ್ಕೆ. ನನ್ನನ್ನು ಕರೆತರುವುದಕ್ಕೆ. ಕಾರ್ಖಾನೆಯಲ್ಲಿ ರಜೆ ಸಿಕ್ಕುವುದು ಆಗಲೇ ಎಂದು ನೀನು ಆಷಾಢದಲ್ಲಿ ಗೃಹಪ್ರವೇಶ ಮಾಡಿದೆ. ಆಷಾಢದಲ್ಲಿ ಹೊಕ್ಕ ಮನೆಗೆ ನಾನು ಕಾಲಿಡುವುದಿಲ್ಲ ಎಂದಿದ್ದೆ, ಅವರು ಒಬ್ಬರೇ ಬಂದರು. ವರ್ಷ ತುಂಬುತ್ತಾ ಬಂದರೂ ನಾನು ಬರಲಿಲ್ಲ. ಆ ದಿನ ಅವರು ಬಾಗಿಲಲ್ಲಿ ನಿಂತು, "ಫುಲ್ ಟ್ಯಾಂಕ್ ಹಾಕ್ಸಿದೀನಿ ಕಣೇ. ಬಾ, ಮಗಳ ಮನೆ ನೋಡ್ಕೊಂಡ್ ಬರೋಣ" ಎಂದರು. ನಾನು ಮಂಡಿಯ ಕಡೆ ನೋಡಿಕೊಂಡೇ, "ನೀವು ಹೋಗಿ" ಎಂದೆ. ಅವರು ಹೋಗಲಿಲ್ಲ. ತೋಟಕ್ಕೆ ಹೋದರು. ಅಲ್ಲಿಂದ ಅವರನ್ನು ಎತ್ತಿಕೊಂಡು ಬಂದರು. ಆ ಪೆಟ್ರೋಲನ್ನು ನಾನು ಯಾಕೆ ಚೆಲ್ಲಲಾರದೆ ಹೋದೆ ಎಂದು ಈಗ ನಿನಗೆ ಗೊತ್ತಾಗಿರಬೇಕು.

ಇವತ್ತು ಕಾಂತರಾಜನನ್ನು ಕರೆದುಕೊಂಡು ಆ ಗಾಡಿಯಲ್ಲೇ ಬಂದೆ. ನಾಳೆ ಗೌರಿ ಹಬ್ಬ. ತವರಿನ ಬಾಗಿನ ಅನಿತ ಕಟ್ಟಿದ್ದಾಳೆ, ನಾನು ಮುಟ್ಟಿಲ್ಲ, ಯೋಚನೆ ಬೇಡ. ನಿನ್ನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಪವಿತ್ರ ಎಂಬಾಕೆ ನೀನು ಪಾಳಿಗೆ ಹೋಗಿದ್ದೀ ಎಂದಳು. ಕಾಂತರಾಜ್, "ಫೋನ್ ಮಾಡಿ ಕರೀತೀನಮ್ಮ" ಎಂದ. "ಬೇಡ, ಕೆಲಸದ ಮೇಲಿದ್ದಾಳೆ, ಬಿಟ್ಟು ಬರಬಾರದು" ಎಂದೆ. ಪವಿತ್ರಳ ಹತ್ತಿರ ನೀರು ಕೇಳಿ ನಿನ್ನ ಹೊಸ್ತಿಲು ತೊಳೆದೆ.

ಗಾಡಿ ಇನ್ನು ನಿನ್ನದು. "ನಾನು ಅಪ್ಪನ ಹತ್ರ ಓಡಿಸೋದು ಕಲ್ತೆ, ಅವಳು ಬಿಚ್ಚೋದು ಕಲ್ತಳು, ಅವಳ ಹತ್ರಾನೇ ಇರ್ಲಿ" ಎಂದು ಕಾಂತರಾಜನೇ ಅಂದ. ನಿನ್ನ ಗೇಟಿನೊಳಗೆ ನಿಲ್ಲಿಸಿ, ಬೀಗದ ಕೈ, ಬಾಗಿನ ಎರಡನ್ನೂ ಪವಿತ್ರಳಿಗೆ ಕೊಟ್ಟಾಯಿತು. ಈ ಕಾಗದವನ್ನೂ ಕಾಂತರಾಜ್ ಈಗ ಅವಳ ಕೈಗೆ ಕೊಟ್ಟು ಬರುತ್ತಾನೆ. ಕೋಲಾರದ ಬಸ್ಸಿನಲ್ಲಿ ನನಗೆ ಜಾಗ ಸಿಕ್ಕಿದೆ.