ಮಚಾನಿನಿಂದ ಇಳಿದ ಮೇಲೆ

ಡಿಸೆಂಬರ್ 3, ಮಂಗಳವಾರ

ಇಂದು ಶೇಖನ ಮರುಭೂಮಿ ಫಾರ್ಮಿನಲ್ಲಿ ಐದು ಜಿಂಕೆ. ಎಲ್ಲವೂ ಒಂದೊಂದೇ ಗುಂಡಿಗೆ. ಶ್ವಾಸಕೋಶ ಕೊಯ್ದು ನೋಡಿದೆ — ಮತ್ತೆ ಕ್ಷಯದ ಗಂಟುಗಳು. ಹಿಂಡು ಅರ್ಧವಾಗದಿದ್ದರೆ ಉಳಿದವೂ ಉಳಿಯುವುದಿಲ್ಲ. ಪಶುವೈದ್ಯನಾಗಿ ನಾನೇ ಕೊಟ್ಟ ಸಲಹೆ. ಹಿಡಿಯಲು ಹೋದರೆ ಗಾಬರಿಗೇ ಸಾಯುತ್ತವೆ. ಅದಕ್ಕೇ ಗಾಫ್ (ನಮ್ಮ ಬನ್ನಿ) ಮರದ ಮೇಲೆ ಮಚಾನು. ಮ್ಯಾನೇಜರ್ ರಿಯಾಝ್ ಅಲ್ಲಿ ಕೋವಿ ಹಿಡಿದು ಕೂರುತ್ತಾನೆ. ಮೇವು ಹಾಕುವ ಮೊಯ್ದೀನ್ ಕೆಳಗೆ ಬಕೆಟ್ ಬಡಿದು ಕರೆದು ದೂರ ಸರಿಯುತ್ತಾನೆ. ಅವು ಬರುತ್ತವೆ... ಮೇಲಿಂದ ಹೊಡೆದ ಗುಂಡು ಮರಳಲ್ಲೇ ಹೂತುಹೋಗುತ್ತದೆ.

ಡಿಸೆಂಬರ್ 5

ಮೊಯ್ದೀನ್ ಊಟ ಬಿಟ್ಟಿದ್ದಾನೆ.

"ಡಾಕ್ಟ್ರೇ, ನನ್ನಿಂದ ಆಗುದಿಲ್ಲ. ಮರಿ ಇರುವಾಗ ಬಾಟ್ಲಿಹಾಲು ಕೊಟ್ಟದ್ದು ನಾನು. ನನ್ನ ಸ್ವರಕ್ಕೇ ಅಲ್ವಾ ಅವು ಬರುದು? ಕರೆದು ಕೊಲ್ಲುದಾ?"

"ಮತ್ತೇನು ಮಾಡೋದು?"

"ಇಳಿದು, ನಡ್ಕೊಂಡು ಹೋಗಿ ಹೊಡೀಲಿ. ಓಡ್ಲಿಕ್ಕೆ ಒಂದು ಚಾನ್ಸ್ ಆದ್ರೂ ಉಂಟು."

ನೆಲದಿಂದ ಹೊಡೆದರೆ ಗಾಯಗೊಂಡು ಓಡುತ್ತವೆ, ನರಳಿ ಸಾಯುತ್ತವೆ. ಹೇಳಬೇಕಿತ್ತು. ಅವನು ತಟ್ಟೆ ಮುಟ್ಟದೆ ಕೂತಿದ್ದ. ರಿಯಾಝ್‌ನನ್ನು ಕೇಳುತ್ತೇನೆ ಎಂದೆ.

ಡಿಸೆಂಬರ್ 6, ಶುಕ್ರವಾರ

ರಿಯಾಝ್ ಒಪ್ಪಲಿಲ್ಲ. "ನೆಲದಿಂದ ಹೊಡೆದ ಗುಂಡು ಎಲ್ಲಿಗೆ ಹೋಗ್ತದೆ ಗೊತ್ತುಂಟಾ ನಿಮಗೆ?" ದಿಬ್ಬದ ಕಡೆಗೇ ಹೊಡೆದರಾಯಿತು ಎಂದೆ. ಪಟ್ಟು ಹಿಡಿದೆ. ಕೊನೆಗೆ, "ನೀವು ಹೇಳಿದ್ರಿ ಅಂತ ಅಷ್ಟೇ. ಯಲ್ಲಾ, ಹೋಗುವ."

ಬನಿಯಾಸ್‌ನ ಮನೆಯಿಂದ ಹೆಂಡತಿ ನಿವೇದಿತಾಳ ಫೋನ್. "ಈ ವಾರನೂ ಬರಂಗಿಲ್ಲೇನ್ರೀ? ಅಕ್ಷರಾ ಅಪ್ಪಾ ಅಪ್ಪಾ ಅಂತ ಒಂದೇ ಸಮ ಕೇಳಾಕತ್ತಾಳ."

ಡಿಸೆಂಬರ್ 9

ನೆಲದಿಂದ, ಮೊದಲ ದಿನ. ಜಿಂಕೆಗಳು ಹತ್ತಿರ ಸೇರಿಸಲೇ ಇಲ್ಲ. ಒಂದು ಹೆಣ್ಣಿಗೆ ಹೊಟ್ಟೆಗೆ ಬಿತ್ತು. ದಿಬ್ಬದಾಚೆ ಓಡಿತು. ರಿಯಾಝ್ ಆಗಲೇ ಬೇರೆ ಗುಂಪಿನ ಹಿಂದೆ ಹೋಗಿದ್ದ. ಮೊಯ್ದೀನ್ ನನ್ನ ಮುಖ ನೋಡಿದ.

"ಹೋಗಿ ಹುಡುಕು. ನರಳದೆ ಸಾಯೋ ಇಂಜೆಕ್ಷನ್ ತರ್ತೀನಿ" ಎಂದೆ.

ವಾಕಿಟಾಕಿ ಸೊಂಟದಲ್ಲೇ ಇತ್ತು. ಮೊಯ್ದೀನ್ ದಿಬ್ಬದಾಚೆ ಹೋಗಿದ್ದಾನೆಂದು ರಿಯಾಝ್‌ಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಗಾಡಿಯ ಬಾಗಿಲು ತೆಗೆಯುವಾಗ ಗುಂಡಿನ ಸದ್ದು. ಆಮೇಲೆ ಮನುಷ್ಯನ ಕೂಗು.

ಡಿಸೆಂಬರ್ 13

ಮೊಯ್ದೀನ್ ಇಲ್ಲ.

ಅವತ್ತು ರಿಯಾಝ್ ಹೊಡೆದ ಗುಂಡು ಅವನ ತೊಡೆಗೆ ಬಿದ್ದಿತ್ತು. ಬೆಲ್ಟ್ ಬಿಗಿದೆ, ಮೊಣಕಾಲೂರಿ ಒತ್ತಿದೆ. ರಕ್ತ ನಿಲ್ಲಲಿಲ್ಲ. ಅವನು ಪಕ್ಕಕ್ಕೆ ತೋರಿಸಿದ. ಹೆಣ್ಣುಜಿಂಕೆ ಅಲ್ಲೇ ಬಿದ್ದು ಕಾಲು ಬಡಿಯುತ್ತಿತ್ತು. "ಅದಕ್ಕೆ ಮೊದ್ಲು ಕೊಡಿ, ಡಾಕ್ಟ್ರೇ." ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಖಲಾಸ್.

ಜಿಂಕೆಗೆ ಇಂಜೆಕ್ಷನ್ ಕೊಟ್ಟೆನೋ ಇಲ್ಲವೋ, ನೆನಪಿಲ್ಲ.

ಇವತ್ತು ರಿಯಾಝ್ ರೂಮಿಗೆ ಬಂದ. ನೆಲದ ಮೇಲೆ ಕೂತು ಅತ್ತ. ಮುಖ ಒರೆಸಿಕೊಂಡು, "ಅವನೇ ಯಾರಿಗೂ ಹೇಳದೆ ಹೋದ ಅಂತ ಹೇಳುವ. ಸತ್ತವನಿಗೆ ಇನ್ನೇನಾಗ್ಲಿಕ್ಕುಂಟು? ನಮಗೆ ಮಕ್ಕಳಿದ್ದಾರೆ."

ನಾನು ಇಲ್ಲ ಎನ್ನಲಿಲ್ಲ.

ಡಿಸೆಂಬರ್ 15

ಪೊಲೀಸರಿಗೆ ಹೇಳಿದೆ. ನೆಲಕ್ಕೆ ಇಳಿಸಿದವನು ನಾನು, ದಿಬ್ಬದಾಚೆ ಕಳಿಸಿದವನೂ ನಾನು. ಅನುವಾದಕ ನನ್ನತ್ತ ತಿರುಗಿ ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಹೇಳಿದೆ. ಪಾಸ್‌ಪೋರ್ಟ್ ಅವರ ಬಳಿ ಇದೆ. ಹೊರಗೆ ರಿಯಾಝ್ ನನ್ನ ಕಡೆ ನೋಡಲಿಲ್ಲ.

ನಿವೇದಿತಾ, "ಖರೇ ಹೇಳಿದ್ರಿ, ಛಲೋ ಆತು" ಎಂದಳು. ಆಮೇಲೆ, "ಪಾಸ್‌ಪೋರ್ಟ್ ಯಾವಾಗ ಕೊಡ್ತಾರಂತ?" ಎಂದು ಕೇಳಿದಳು.

ಡಿಸೆಂಬರ್ 16

ಉಪ್ಪಿನಂಗಡಿಯಿಂದ ಮೊಯ್ದೀನ್‌ನ ಹೆಂಡತಿ ಸಫೀನಾ ಫೋನ್ ಮಾಡಿದಳು. ರಿಯಾಝ್ ಅವಳಿಗೆ ತನ್ನ ಕಥೆಯನ್ನು ಆಗಲೇ ಹೇಳಿಬಿಟ್ಟಿದ್ದಾನೆ.

"ಅವರಿಗೆ ಅಷ್ಟು ಬುದ್ಧಿ ಇಲ್ವಾ ಡಾಕ್ಟ್ರೇ? ಕೋವಿ ಇರುವಲ್ಲಿಗೆ ಯಾಕೆ ಹೋದದ್ದು?"

"ಅವನಾಗಿ ಹೋಗಲಿಲ್ಲಮ್ಮ. ನಾನು ಕಳಿಸಿದೆ."

ಆ ಕಡೆ ಯಾರೋ ಕುಕ್ಕರ್ ಇಳಿಸುತ್ತಿದ್ದರು. ಆಮೇಲೆ ಮೆಲ್ಲಗೆ, "ಯಾಕೆ ಕಳಿಸಿದ್ದು?"

ಪಾಪ ಅನ್ನಿಸಿತು ಎಂದು ಹೇಳಲು ಹೊರಟೆ. ಆ ಜಿಂಕೆಯನ್ನು ನೋಡಿ ಪಾಪ ಅನ್ನಿಸಿತು, ಎಂದು ಅವಳಿಗೆ ಹೇಗೆ ಹೇಳಲಿ?