ಚಂದ್ರನನ್ನು ಕೇಳಿದ ವೈದ್ಯ

ಫೆರಾರಾ
೧೯ ಅಕ್ಟೋಬರ್ ೧೫೩೬, ಸಂತ ಲೂಕನ ಹಬ್ಬದ ಮರುದಿನ

ಮುದ್ದಿನ ಮಗಳು ಕಮಿಲ್ಲಾಗೆ ಅಪ್ಪನ ಆಶೀರ್ವಾದ.

ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಎಷ್ಟು ಬೇಕಾದರೂ ಬೈದುಕೋ, ಆದರೆ ಮೊದಲು ನಿಟ್ಟುಸಿರು ಬಿಡು: ನಿನ್ನಪ್ಪನಿಗೆ ಬಿಡುಗಡೆಯಾಯಿತು. ಸುಡಲಿಲ್ಲ, ಊರು ಬಿಡಿಸಲಿಲ್ಲ. ಚರ್ಚಿನ ವಿಚಾರಣೆಯ ಧರ್ಮಪೀಠದವರು ಹೊತ್ತುಕೊಂಡು ಹೋಗಿದ್ದ ನನ್ನ ಪುಸ್ತಕಗಳೂ ಇವತ್ತು ಬೆಳಿಗ್ಗೆ ಕತ್ತೆಗಾಡಿಯಲ್ಲಿ ಮನೆ ಸೇರಿದವು.

ದೂರು ಕೊಟ್ಟವನು ಔಷಧಿ ಅಂಗಡಿಯ ಗಾಸ್ಪಾರೆ. ಅವನ ದುಬಾರಿ ಲೇಹ್ಯವನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲವೆಂದು ಹೊಟ್ಟೆಯುರಿ. ರೊಟ್ಟಿ ಅಂಗಡಿಯವನ ಹೆಂಡತಿ ಓರ್ಸೊಲಾಗೆ ಬಾಣಂತಿ ಜ್ವರ ಬಂದಾಗ, ಗುರುಗ್ರಹದ ಅಂಕಿಗಳನ್ನು ಕೊರೆದ ತವರದ ತಗಡನ್ನು ಅವಳ ಕೊರಳಿಗೆ ಕಟ್ಟಿದ್ದೆ. ಅದರಲ್ಲಿ ದೆವ್ವ ಕೂರಿಸಿದ್ದೇನೆಂದು ಧರ್ಮಪೀಠಕ್ಕೆ ಚಾಡಿ ಹೇಳಿಬಿಟ್ಟ, ಪಾಪಿ. ಪಾದ್ರಿಗಳ ಎದುರು ನಿಂತಾಗ ನನ್ನ ಕಥೆ ಮುಗಿಯಿತೆಂದುಕೊಂಡೆ, ನಿನ್ನ ಹತ್ತಿರ ಮುಚ್ಚುಮರೆಯೇನು.

ಕಾಪಾಡಿದವಳು ಓರ್ಸೊಲಾ. ಯಾರೂ ಕರೆಯದೆಯೇ ಕೂಸನ್ನು ಸೊಂಟಕ್ಕೇರಿಸಿಕೊಂಡು ಒಳಗೆ ನುಗ್ಗಿದಳು. "ದೆವ್ವಾನಾ ಸ್ವಾಮಿ? ಈ ಮನುಷ್ಯ ಮೂರು ದಿನ ನನ್ನ ಮಂಚದ ಹತ್ರ ಕೂತು ಬಾರ್ಲಿ ಗಂಜಿ ಕುಡಿಸಿದ್ರು. ದೆವ್ವ ಗಂಜಿ ಕುಡಿಸುತ್ತಾ? ತಗಡು ನಾನೇ ಗೋಗರೆದು ಕಟ್ಟಿಸ್ಕೊಂಡಿದ್ದು. ಬೇಕಾದ್ರೆ ನೀವೇ ಇಟ್ಕೊಳ್ಳಿ, ಈ ಕೂಸು ಮುಂಡೇದು ಕಚ್ಚಿ ಕಚ್ಚಿ ಸೊಟ್ಟ ಮಾಡಿದೆ!" ಎಂದು ತಗಡನ್ನು ಮೇಜಿನ ಮೇಲೆ ಕುಕ್ಕಿದಳು. ಹೇಳಿಕೆ ಬರೆದುಕೊಳ್ಳುತ್ತಿದ್ದ ಪಾದ್ರಿ ಕಿಸಕ್ಕೆಂದ.

ತಗಡನ್ನು ಕರಗಿಸಬೇಕು, ನಾನು ಮೂರು ಶುಕ್ರವಾರ ಬರೀ ರೊಟ್ಟಿ ನೀರಿನಲ್ಲಿರಬೇಕು, ಇಷ್ಟೇ ತೀರ್ಪು. ಮನೆಯಲ್ಲಿ ನಮ್ಮ ಅಡುಗೆಯ ಮೆನೆಗಾ ಇದನ್ನು ಕೇಳಿ, "ಇದ್ಯಾವ ಶಿಕ್ಷೆ ಯಜಮಾನ್ರೇ? ಪುಸ್ತಕ ಹಿಡಿದ್ರೆ ನೀವು ಅದನ್ನೂ ತಿನ್ನಲ್ಲ" ಎಂದು ಕಣ್ಣೊರೆಸಿಕೊಂಡು ನಕ್ಕಳು.

ಧರ್ಮಪೀಠದಿಂದ ಹೊರಡುವಾಗ ಹಿರಿಯ ಪಾದ್ರಿ ಬಾಗಿಲ ಬಳಿ ನನ್ನ ತೋಳು ಹಿಡಿದು, "ವೈದ್ಯರೇ, ಮಂಡಿ ಊದಿಕೊಂಡಿದೆ, ರಕ್ತ ತೆಗೆಸಬೇಕು. ಚಂದ್ರ ಯಾವತ್ತು ಸರಿಹೋಗ್ತಾನೆ?" ಎಂದು ಪಿಸುಗುಟ್ಟಿದರು. ನೋಡು, ನನ್ನನ್ನು ವಿಚಾರಿಸಿದವರೂ ಚಂದ್ರ ಮಂಡಿಯನ್ನಾಳುವ ಮಕರದಲ್ಲಿರುವಾಗ ಮಂಡಿಗೆ ಚೂರಿ ತಾಕಿಸಲು ಹೆದರುತ್ತಾರೆ! "ಮಂಗಳವಾರ ಕಳೀಲಿ" ಎಂದೆ. ಬೀದಿಗೆ ಬಂದವನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನಗಳಾಗಿದ್ದವು ನಕ್ಕು!

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ದೇವಮಾತೆ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಬಾಲ್ದಸ್ಸಾರೆ

ತಾ.ಕ.: ಧರ್ಮಗ್ರಂಥದ ಮೇಲೆ ಕೈಯಿಡಿಸಿ, "ನಿಮ್ಮ ವಿದ್ಯೆಯಿಂದ ಯಾರಿಗಾದರೂ ಕೇಡಾಗಿದೆಯೇ?" ಎಂದು ಕೇಳಿದರು. ಇಲ್ಲ ಎಂದುಬಿಟ್ಟೆ. ನಿನ್ನಮ್ಮನಿಗೆ ಜ್ವರ ನೆತ್ತಿಗೇರಿದ ದಿನ ನೀನು ಬಟ್ಟಲು ಹಿಡಿದು ನಿಂತು, "ಅಪ್ಪಾ, ಈಗಲೇ ರಕ್ತ ತೆಗಿ" ಎಂದು ಅತ್ತಿದ್ದೆ. ಚಂದ್ರ ಮಿಥುನದಲ್ಲಿದ್ದಾನೆ, ತೋಳಿಗೆ ಚೂರಿ ತಾಕಿಸಬಾರದು, ಎರಡು ದಿನ ತಡೆ ಎಂದು ಗದರಿಬಿಟ್ಟೆ. ಎರಡು ದಿನ ಅವಳು ಉಳಿಯಲಿಲ್ಲ. ಪೀಠದವರು ನನ್ನನ್ನು ಕ್ಷಮಿಸಿದರು. ನೀನು ಕ್ಷಮಿಸಿದ್ದೀಯಾ ಎಂದು ಆರು ವರ್ಷ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ ಮಗಳೇ.