ಹಂಡೆಯೂ ಮುದ್ದೆ ಕೋಲೂ

ಭಾನುವಾರ, ಮೇ ೧೯

ಬಲತೋಳು ಇನ್ನೂ ನೋಯುತ್ತಿದೆ. ನೋಯಲಿ, ಹೆಮ್ಮೆಯ ನೋವು.

ನಂಗಲಿಯಲ್ಲಿ ಗೆಳತಿ ಜಹಾನಾರಾಳ ಮಗಳ ಮದುವೆ. ಬಿರಿಯಾನಿ ಹಂಡೆಯ ಸುತ್ತ ಬರೀ ಗಂಡಸರು. ನಾನು ಸೌಟಿಗೆ ಕೈ ಹಾಕಿದ್ದೇ ಗೆಳತಿಯ ಅಣ್ಣ ಅಜ್ಮತುಲ್ಲಾ ತಡೆದರು.

"ಬೇಡಕ್ಕಾ, ಇದು ಹೆಂಗಸ್ರ ಕೈಲಾಗಲ್ಲ. ತೋಳಲ್ಲಿ ತಾಕತ್ ಬೇಕು."

"ನಮ್ಮಲ್ಲಿ ದಿನಾ ಮುದ್ದೆ ತಿರುವೋರು ಹೆಂಗಸ್ರೇ ಅಣ್ಣಾ," ಎಂದು ಸೆರಗು ಸಿಕ್ಕಿಸಿ, ಕುದಿಯುವ ಮಸಾಲೆಯನ್ನು ತಳದಿಂದ ತಿರುವಿದೆ. ಅಜ್ಮತುಲ್ಲಾ ಕಣ್ಣರಳಿಸಿ, ಉಪ್ಪು ನೋಡಲು ನನಗೇ ಕೊಟ್ಟರು.

"ತಿರುವಿದ್ದು ನಮ್ಮನೆಯೋಳು!" ನಮ್ಮ ಯಜಮಾನರು ಪಂಕ್ತಿಯಲ್ಲೆಲ್ಲ ಸಾರಿದರು.

ಬಿರಿಯಾನಿ ಉಂಡು ಬಂದರೂ ಸಂಜೆಗೆ ಅವರಿಗೆ ಮುದ್ದೆಯೇ ಬೇಕು. "ಅಲ್ಲಿ ತಿರುವೋದು ಗಂಡಸ್ರ ಕೆಲ್ಸವಂತೆ, ನೀವೇ ತಿರುವಿ," ಎಂದು ಕೋಲು ಕೈಗಿಟ್ಟೆ. ಬೆವರು ಸುರಿಸಿ ತಿರುವಿದರು. ಮುದ್ದೆ ತುಂಬ ಗಂಟು. ಗುಳುಂ ಎಂದು ನುಂಗಿದೆ, ನಗಲಿಲ್ಲ. ನಕ್ಕಿದ್ದರೆ ನಾಳೆ ಕೋಲು ಮತ್ತೆ ನನ್ನ ಕೈಗೇ ಬರುತ್ತಿತ್ತು.